ಮೇ ತಿಂಗಳಲ್ಲಿ ತೆಗೆದ ಗುಡ್ಡದ ಫೋಟೋ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದಿನಚರಿ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಿಂದಲೂ ಇದೆ. ಆದರೂ, ಅಥವಾ ಅದರಿಂದಲೇ, ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಖಚಿತವಾಗಿ ನೆನಪಿದೆ ಎಂದುಕೊಂಡ ಮಾತು ಹಳೆಯ ಪುಟ ತೆರೆದರೆ ಅಲ್ಲಿರುವುದಿಲ್ಲ. ನೆನಪೇ ಇಲ್ಲದ ಮಾತೊಂದು ನನ್ನ ಅಕ್ಷರದಲ್ಲೇ ಕೂತಿರುತ್ತದೆ. ಆ ದಿನ ಗುಡ್ಡ ಹತ್ತುವಾಗ ನನ್ನ ಕಾಲಲ್ಲಿ ಚಪ್ಪಲಿ ಇತ್ತೋ ಶೂ ಇತ್ತೋ, ಜೊತೆಗೆ ಬಂದವರು ಇಬ್ಬರೋ ಮೂವರೋ, ಹೇಳಲಾರೆ. ಫೋಟೋ ತೆಗೆದವಳು ನಾನು ಎಂಬುದು ಮಾತ್ರ ಗೊತ್ತು. ಅದು ಮೇ ತಿಂಗಳು ಎಂಬುದೂ ಗೊತ್ತು, ಯಾಕೆಂದರೆ ತಿಂಗಳನ್ನು ನಾನಲ್ಲ, ಫೋನು ನೆನಪಿಟ್ಟುಕೊಂಡಿದೆ. ಆ ಒಂದು ಫೋಟೋದ ಬಲದ ಮೇಲೆ ಒಂದು ಊರಿನ ಹೆಂಗಸರನ್ನು ಅವರದೇ ಗುಡ್ಡದಿಂದ ಹೊರಗೆ ನಿಲ್ಲಿಸಲಾಯಿತು. ಇದರಲ್ಲಿ ನನ್ನ ನೆನಪಿನ ತಪ್ಪೇನೂ ಇಲ್ಲ. ಬೇಲಿಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಪ್ಪ ಹಾವೇರಿ ಕಡೆಯವರು. ಬ್ಯಾಂಕಿನ ವರ್ಗಾವಣೆಯಲ್ಲಿ ವಿಶಾಖಪಟ್ಟಣಕ್ಕೆ ಬಂದು, ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಗಳ ಮನೆಯ ಹುಡುಗಿಯನ್ನು ಮದುವೆಯಾಗಿ ಇಲ್ಲೇ ಉಳಿದರು. ಮನೆಯಲ್ಲಿ ಅಪ್ಪನ ಜೊತೆ ಕನ್ನಡ, ಅಮ್ಮನ ಜೊತೆ ತೆಲುಗು. ಬೀದಿ, ಶಾಲೆ, ವಿಶ್ವವಿದ್ಯಾಲಯ ಎಲ್ಲವೂ ತೆಲುಗು ಮತ್ತು ಇಂಗ್ಲಿಷು. ದಿನಚರಿ ಮಾತ್ರ ಕನ್ನಡದಲ್ಲಿ, ಅದು ಅಪ್ಪ ಹಾಕಿಕೊಟ್ಟ ರೂಢಿ. ಅಪ್ಪ ತೀರಿಕೊಂಡ ಮೇಲೆ ನಾನು ಬಾಯಿಬಿಟ್ಟು ಕನ್ನಡ ಆಡುವುದು ಹೆಚ್ಚುಕಡಿಮೆ ಒಬ್ಬರ ಜೊತೆಗೇ: ವಿಜಯವಾಡದಲ್ಲಿರುವ ಅಪ್ಪನ ತಮ್ಮ, ನನ್ನ ಕಾಕಾ. ಪ್ರತಿ ಭಾನುವಾರ ಬೆಳಿಗ್ಗೆ ಅವರ ಫೋನು. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೇ ಮೊದಲೇ ಬರೆದಿಟ್ಟೆ.

ಚಳಿ ಹಿಂದೆ ಸರಿಯುವ ಹೊತ್ತಿಗೆ ನಮ್ಮ ಬೀದಿಗೆ ಪೊರಕೆ ಮಾರುವ ಹೆಂಗಸೊಬ್ಬಳು ಬರುತ್ತಿದ್ದಳು. ಗುಡ್ಡದ ಹುಲ್ಲಿನ ಪೊರಕೆ, ಇಲ್ಲಿನವರು ಕೊಂಡ ಚೀಪುರು ಎನ್ನುತ್ತಾರೆ. ಕುದುರೆ ಬಾಲದ ಹಾಗೆ ಮೆತ್ತನೆಯ ಉದ್ದ ಕುಚ್ಚು. ಅಮ್ಮ ಅವಳನ್ನು ಚೀಪುರ್ಲಮ್ಮ ಎಂದು ಕರೆಯುತ್ತಿದ್ದಳು, ನಾವೂ ಹಾಗೇ ಕರೆದೆವು. ನಾನು ಆಗ ಏಳನೇ ತರಗತಿಯಲ್ಲೋ ಎಂಟನೆಯದರಲ್ಲೋ ಇದ್ದೆ. ಹೊಸ ಪೊರಕೆಯಿಂದ ವಾರಗಟ್ಟಲೆ ಹೂಧೂಳು ಉದುರುತ್ತದೆ, ಅದು ಅಮ್ಮನ ಪ್ರತಿವರ್ಷದ ದೂರು.

"ಮನೆ ಗುಡಿಸೋಕೆ ತಗೊಂಡ್ರೆ ಇದೇ ಮನೆಯೆಲ್ಲಾ ಕಸ ಮಾಡುತ್ತಲ್ಲೇ" ಎಂದು ಅಮ್ಮ ಅಂದರೆ ಚೀಪುರ್ಲಮ್ಮ ಹೊರೆಯನ್ನು ಇಳಿಸುತ್ತಲೇ ಉತ್ತರ ಕೊಡುತ್ತಿದ್ದಳು: "ಮದುವೆಯಾಗಿ ಬಂದಾಗ ನೀವು ಹತ್ತು ದಿನ ಅತ್ತಿರಲಿಲ್ವಾ ಅಮ್ಮಗಾರೂ? ಇದೂ ಅಷ್ಟೆ. ಆಮೇಲೆ ಮನೆಯೆಲ್ಲಾ ಇದರದ್ದೇ."

ಅವಳ ಮಾತೆಲ್ಲ ತೆಲುಗು. ಇಲ್ಲಿ ನಾನು ಅದನ್ನು ಕನ್ನಡಕ್ಕೆ ತರುವಾಗ ಅಲ್ಲಲ್ಲಿ ಮೊನೆ ಹೆಚ್ಚಿದ್ದರೆ ಅದು ನನ್ನದು. ನನ್ನನ್ನು ಅವಳು ಕರೆಯುತ್ತಿದ್ದದ್ದು ಪಾಪಾ ಎಂದು, ತೆಲುಗಿನಲ್ಲಿ ಹುಡುಗಿಯರನ್ನು ಕರೆಯುವ ಹಾಗೆ. ಈಗ ನನಗೆ ನಲವತ್ತು ಹತ್ತಿರ, ಅವಳಿಗೆ ಅರವತ್ತು ದಾಟಿರಬೇಕು. ಈಗಲೂ ಪಾಪಾ ಎಂದೇ ಕರೆಯುತ್ತಾಳೆ.

ಕಾಕಾ ಧಾರವಾಡದಲ್ಲಿ ಕೃಷಿ ಓದಿದವರು. ಬ್ಯಾಂಕಿನಲ್ಲಿ ಕೃಷಿ ಅಧಿಕಾರಿಯಾಗಿದ್ದು, ನಿವೃತ್ತರಾದ ಮೇಲೆ ವಿಜಯವಾಡದಲ್ಲಿ ಒಂದು ಹಸಿರೀಕರಣ ಯೋಜನೆಯ ಕಚೇರಿಗೆ ಸಲಹೆಗಾರರಾದರು. ಹಾಳಾದ ಕಾಡು, ಬೋಳಾದ ಗುಡ್ಡಗಳನ್ನು ಊರಿನವರ ಸಹಭಾಗಿತ್ವದಲ್ಲಿ ಮತ್ತೆ ಹಸಿರು ಮಾಡುವುದು ಆ ಯೋಜನೆಯ ಉದ್ದೇಶ. ಊರಿನ ಬಗ್ಗೆ ವರದಿ ಬರೆಯುವವರು, ಫೋಟೋ ತೆಗೆಯುವವರು ಬೇಕಾಗಿತ್ತು. ಸಮಾಜಶಾಸ್ತ್ರ ಓದಿ ಅಲ್ಲಿ ಇಲ್ಲಿ ಇಂಥ ಬರವಣಿಗೆ ಮಾಡಿಕೊಂಡಿದ್ದ ನನ್ನನ್ನು ಕಾಕಾ ಕರೆದರು. ಸಂತೋಷದಿಂದ ಒಪ್ಪಿದೆ. ಸಹಭಾಗಿತ್ವ ಎಂಬ ಪದದ ಮೇಲೆ ಆಗ ನನಗೆ ತುಂಬ ಪ್ರೀತಿ ಇತ್ತು.

"ತಂಗೀ, ಅನಕಾಪಲ್ಲಿ ಆಚಿಗೆ, ಆ ಗುಡ್ಡದ ಕಡೆ, ನಿನಗ ಗುರುತಿರೋ ಊರ ಯಾವುದರೆ ಐತೇನು?" ಎಂದು ಫೋನಿನಲ್ಲಿ ಕೇಳಿದರು, ಅಣ್ಣನ ಮಗಳನ್ನೂ ತಂಗೀ ಎಂದು ಕರೆಯುವುದು ಅವರ ಕಡೆಯ ರೂಢಿ. "ಗುರುತಿದ್ದವ್ರು ಇದ್ರ ಮಂದಿ ಕೂಡ್ತಾರ. ಇಲ್ಲಂದ್ರ ಜೀಪ ಕಂಡ ಕೂಡ್ಲೆ ಬಾಗಲಾ ಹಾಕ್ಕೊಂಡ ಕುಂದರತಾರ."

ನಾನು ಚೀಪುರ್ಲಮ್ಮನ ಊರು ಹೇಳಿದೆ. ಎಷ್ಟೋ ಗುಡ್ಡಗಳ ನಡುವೆ ಆ ಗುಡ್ಡವನ್ನು ಬೆರಳು ಮಾಡಿ ತೋರಿಸಿದವಳು ನಾನೇ.

ಆ ದಿನದ ದಿನಚರಿಯಲ್ಲಿ ಇರುವುದು ಇಷ್ಟೇ: "ಕಾಕಾ ಫೋನ್. ಊರು ಕೇಳಿದರು, ಚೀಪುರ್ಲಮ್ಮನ ಊರು ಹೇಳಿದೆ. ಮಳೆ ಹತ್ತುವುದರೊಳಗೆ ಹೋಗಿ ಬರಬೇಕಂತೆ. ಮಾವಿನಕಾಯಿ ತೊಕ್ಕು."

ಅನಕಾಪಲ್ಲಿಯಿಂದ ಒಳಕ್ಕೆ ಬಸ್ಸು, ಬಸ್ಸು ನಿಂತಲ್ಲಿಂದ ಆಟೋ. ಚೀಪುರ್ಲಮ್ಮ ನನ್ನನ್ನು ಕಂಡು ಮೊದಲು ಕೇಳಿದ್ದು, "ಪೊರಕೆ ಮುರಿದುಹೋಯ್ತಾ ಪಾಪಾ, ಇಷ್ಟು ದೂರ ಬಂದೆ?" ಎಂದು. ಮಾರನೆಯ ಬೆಳಿಗ್ಗೆ ಗುಡ್ಡ ಹತ್ತಿಸಿದಳು.

ಗುಡ್ಡದ ಮೈಯಲ್ಲಿ ಹುಲ್ಲಿನ ಬುಡಗಳಷ್ಟೇ ಇದ್ದವು, ಮುಷ್ಟಿಗಾತ್ರದ ಕೂಳೆಗಳು. ಕೆಲವು ಕಡೆ ಸುಟ್ಟ ಕಪ್ಪು. ಉಳಿದದ್ದೆಲ್ಲ ಕೆಂಪು ಮಣ್ಣು. ಸಂಕ್ರಾಂತಿ ಕಳೆದ ಮೇಲೆ ಕುಚ್ಚು ಕೊಯ್ಯುತ್ತಾರೆ. ಶಿವರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಬುಡ ಮಟ್ಟ ಸವರಿ, ಅಲ್ಲಲ್ಲಿ ಬೆಂಕಿ ತಾಗಿಸುತ್ತಾರೆ. ಹಾಗೆ ಮಾಡದಿದ್ದರೆ ಮುಂದಿನ ವರ್ಷದ ಚಿಗುರು ಸಣಕಲಾಗುತ್ತದೆ. ಇದನ್ನೆಲ್ಲ ಅವಳು ಹತ್ತುತ್ತಲೇ ಹೇಳಿದಳು, ಏದುಸಿರು ಬಿಡುತ್ತಿದ್ದವಳು ನಾನು.

ಮೇಲೆ, ಗುಡ್ಡದ ನೆತ್ತಿಯ ಹತ್ತಿರ, ಒಂದು ಪಟ್ಟೆಯಲ್ಲಿ ಹುಲ್ಲು ಕೊಯ್ಯದೆ ನಿಂತಿತ್ತು, ಒಣಗಿ ಬಿಳಿಚಿ ಆಳೆತ್ತರಕ್ಕೆ. ಅಂಚಿನ ಹುಲ್ಲನ್ನು ಹಿಡಿಹಿಡಿಯಾಗಿ ಹಿಡಿದು ಗಂಟು ಹಾಕಿದ್ದರು, ಮಕ್ಕಳ ಜುಟ್ಟು ಕಟ್ಟಿದ ಹಾಗೆ. ಪ್ರತಿವರ್ಷ ಒಂದೊಂದು ಪಟ್ಟೆ ಹೀಗೆ ಬಿಡುತ್ತಾರೆ. ಮಳೆಗಾಲದಲ್ಲಿ ಚಿಗುರು ಮೊಣಕಾಲು ಮುಟ್ಟಿದಾಗ ಹೆಂಗಸರು ಹೋಗಿ ಗಂಟು ಹಾಕಿ ಬರುತ್ತಾರೆ. ಗಂಟಿನ ಒಳಗೆ ಕುಡುಗೋಲು ಇಲ್ಲ, ಮೇಕೆ ಇಲ್ಲ, ಬೆಂಕಿ ಇಲ್ಲ, ಬೀಜ ಉದುರಿ ಮುಗಿಯುವವರೆಗೆ.

"ಯಾರಾದ್ರೂ ಬಿಚ್ಚಿದ್ರೆ?" ಎಂದು ಕೇಳಿದೆ.

"ಬಿಚ್ಚಿದವಳ ಮನೇಲಿ ಒಂದು ವರ್ಷ ಯಾರೂ ನೀರು ಮುಟ್ಟಲ್ಲ."

"ಯಾರಾದ್ರೂ ಬಿಚ್ಚಿದ್ದಾರಾ?"

"ನನ್ನ ನಾದಿನಿ. ಅವಳದು ಬಿಚ್ಚಿದ್ದಲ್ಲ, ಹಾಕಿದ್ದೇ ಸರಿ ಇರಲಿಲ್ಲ, ತಾನಾಗೇ ಬಿಚ್ಚಿಕೊಳ್ತು. ಆದ್ರೂ ನಾನು ಒಂದು ವರ್ಷ ಅವಳ ಮನೆ ನೀರು ಕುಡೀಲಿಲ್ಲ." ಎಂದು ನಕ್ಕಳು. ಅವಳ ಮನೆಯ ನೀರು ಕುಡಿಯದಿರಲು ಬೇರೆ ಕಾರಣಗಳೂ ಇದ್ದವು ಎಂದು ನನಗೆ ಆಮೇಲೆ ತಿಳಿಯಿತು.

ಅವಳು ಮದುವೆಯಾಗಿ ಬಂದಾಗ ಆ ಗುಡ್ಡ ನಿಜಕ್ಕೂ ಬೋಳಾಗಿತ್ತಂತೆ. ಗುತ್ತಿಗೆದಾರರು ಮರ ಒಯ್ದರು, ಉಳಿದ ಬೊಡ್ಡೆಯನ್ನು ಇದ್ದಿಲು ಸುಡುವವರು ಒಯ್ದರು, ಮಣ್ಣನ್ನು ಮಳೆ ಒಯ್ಯಿತು. ಅವಳ ಅತ್ತೆ ಮತ್ತು ಇನ್ನಷ್ಟು ಹೆಂಗಸರು ಮೇಲಿನ ಗುಡ್ಡಗಳಿಂದ ಹುಲ್ಲಿನ ಬುಡ ಸೀಳಿ, ಬುಟ್ಟಿಯಲ್ಲಿ ಹೊತ್ತು ತಂದು, ಮಳೆಯಲ್ಲಿ ನೆನೆಯುತ್ತ ನೆಟ್ಟರು. ಒಂದು ವರ್ಷವಲ್ಲ, ಎಷ್ಟೋ ವರ್ಷ. ಹುಲ್ಲು ಹಿಡಿದ ಮೇಲೆ ಮಣ್ಣು ನಿಂತಿತು. ಮಣ್ಣು ನಿಂತ ಮೇಲೆ ಕೆಳಗಿನ ಬಾವಿಯಲ್ಲಿ ಬೇಸಿಗೆಗೂ ನೀರು ನಿಂತಿತು. ಯಾವ ಕಚೇರಿಯೂ ಬಂದು ಅವರಿಗೆ ಸಹಭಾಗಿತ್ವ ಹೇಳಿಕೊಟ್ಟಿರಲಿಲ್ಲ.

ಇಷ್ಟನ್ನೂ ಕೇಳಿಸಿಕೊಂಡ ಮೇಲೆ ನಾನು ಏನು ಮಾಡಿದೆ? ಕಚೇರಿ ಹೇಳಿದಂತೆ ಗುಡ್ಡದ ಬುಡದಲ್ಲಿ ನಿಂತು ಫೋಟೋ ತೆಗೆದೆ. ಗಂಟಿನ ಪಟ್ಟೆ ಫೋಟೋದಲ್ಲಿ ಬರಲಿಲ್ಲ. ಅದು ಬಿಸಿಲಿಗೆ ಎದುರಾಗಿತ್ತು, ಅದಕ್ಕೆ ಬಿಟ್ಟೆ ಎಂದು ನೆನಪು. ನನಗೆ ಅನುಕೂಲವಾದ ನೆನಪು ಇದು, ಹಾಗಾಗಿ ಇದರ ಮೇಲೆ ಅನುಮಾನವಿದೆ. "ಮಳೆ ಬಂದ ಮೇಲೆ ಬಾ ಪಾಪಾ, ಆಗ ತೆಗಿ, ಈಗ ಏನಿದೆ ಇಲ್ಲಿ" ಎಂದು ಚೀಪುರ್ಲಮ್ಮ ಅಂದಂತೆಯೂ ನೆನಪು. ದಿನಚರಿಯಲ್ಲಿ ಅದಿಲ್ಲ. ಅವಳು ಅನ್ನದೇ ಇದ್ದರೂ ನನಗೆ ತೋಚಬೇಕಿತ್ತು.

ನಾನು ನೆಚ್ಚಿಕೊಂಡದ್ದು ವರದಿಯನ್ನು. ನಾಲ್ಕು ಪುಟ ಬರೆದೆ. ಬುಡ ಸೀಳಿ ತಂದದ್ದು, ಗಂಟು, ಪಟ್ಟೆ, ಬಾವಿ, ಎಲ್ಲ. ಕಾಕಾ ಓದಿ ಫೋನು ಮಾಡಿದರು: "ಛಂದ ಬರದೀ ತಂಗೀ. ನಿಮ್ಮಪ್ಪ ಇದ್ದಿದ್ರ ಖುಷಿ ಪಡತಿದ್ದ." ಅಚ್ಚಾಗಿ ಬಂದ ದಾಖಲೆಯಲ್ಲಿ ನನ್ನ ನಾಲ್ಕು ಪುಟದ ಬದಲು ಒಂದು ಸಾಲಿತ್ತು: ಸ್ಥಳೀಯ ಮಹಿಳೆಯರು ಪೊರಕೆ ಹುಲ್ಲು ಸಂಗ್ರಹಿಸುತ್ತಾರೆ. ಅದರ ಪಕ್ಕದಲ್ಲಿ ಇಡೀ ಪುಟ ತುಂಬ ನನ್ನ ಫೋಟೋ.

ಮೊದಲ ಮಳೆಯ ಹೊತ್ತಿಗೆ ಊರಿನಲ್ಲಿ ಸಭೆ. ಶಾಲೆಯ ಜಗಲಿಯಲ್ಲಿ ವಿಜಯವಾಡದಿಂದ ಬಂದ ಯೋಜನಾಧಿಕಾರಿ, ಊರಿನ ಅರಣ್ಯ ಸಮಿತಿಯ ಅಧ್ಯಕ್ಷ, ನಾಲ್ಕು ಕುರ್ಚಿ. ಅಂಗಳದಲ್ಲಿ ಹೆಂಗಸರು. ಟಿಪ್ಪಣಿ ಬರೆದುಕೊಳ್ಳಲು ನನ್ನನ್ನೂ ಕಳಿಸಿದ್ದರು. ಅಧಿಕಾರಿಯ ಹಿಂದೆ ಬ್ಯಾನರ್ ಕಟ್ಟಿದ್ದರು. ಬಂಜರು ಗುಡ್ಡದಿಂದ ಹಸಿರು ಗುಡ್ಡದ ಕಡೆಗೆ ಎಂದು ತೆಲುಗಿನಲ್ಲಿ ಬರೆದು, ಕೆಳಗೆ ನನ್ನ ಫೋಟೋ, ಇಬ್ಬರು ಮಲಗುವ ಹಾಸಿಗೆಯಷ್ಟು ದೊಡ್ಡದು.

ಅಧಿಕಾರಿ ಒಳ್ಳೆಯ ಮಾತುಗಾರ. "ಈ ಕೆಲಸ ನಮ್ಮದಲ್ಲ, ನಿಮ್ಮದು" ಎಂದು ಮೂರು ಸಲ ಹೇಳಿದರು. ಗಿಡ ನಿಮ್ಮದು, ಗುಡ್ಡ ನಿಮ್ಮದು, ನಿರ್ಧಾರ ನಿಮ್ಮದು. ಆ ನಿರ್ಧಾರವನ್ನು ಅವರು ವಿಜಯವಾಡದಲ್ಲೇ ಟೈಪ್ ಮಾಡಿಸಿ ತಂದಿದ್ದರು, ಹೆಂಗಸರ ಹೆಸರುಗಳನ್ನೂ ಸೇರಿಸಿ. ಹೆಬ್ಬೆಟ್ಟಿಗೆ ಜಾಗ ಮಾತ್ರ ಖಾಲಿ ಬಿಟ್ಟಿದ್ದರು.

"ಗಿಡ ಎಲ್ಲಿ ನೆಡ್ತೀರಿ ಬಾಬು?" ಅಂಗಳದಿಂದ ಚೀಪುರ್ಲಮ್ಮ ಕೇಳಿದಳು.

"ಬೋಳು ಗುಡ್ಡದ ಮೇಲೆ ಅಮ್ಮಾ."

"ಯಾವ ಬೋಳು? ನಮ್ಮೂರಲ್ಲಿ ಬೋಳಾಗಿರೋದು ಅಧ್ಯಕ್ಷರ ತಲೆ ಒಂದೇ."

ಅಂಗಳವೆಲ್ಲ ನಕ್ಕಿತು. ಅಧ್ಯಕ್ಷ ಟವೆಲು ತೆಗೆದು ತಲೆಗೆ ಸುತ್ತಿಕೊಂಡ. ಅಧಿಕಾರಿಯೂ ನಕ್ಕು, ಹಿಂದಿನ ಬ್ಯಾನರನ್ನು ತೋರಿಸಿದರು. "ನೋಡಿ, ಇದು ನಿಮ್ಮ ಗುಡ್ಡ ಅಲ್ವಾ? ಒಂದು ಹಸಿರು ಎಲೆ ಇದೆಯಾ?"

ಚೀಪುರ್ಲಮ್ಮ ಎದ್ದು ಬಂದು ಬ್ಯಾನರನ್ನು ಹತ್ತಿರದಿಂದ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಒಂದು ಗಳಿಗೆ ಅಷ್ಟೆ. ನನ್ನ ಹೆಸರನ್ನು ಅವಳು ಎತ್ತಲಿಲ್ಲ.

"ಬಾಬು, ನಿಮ್ಮ ಮನೆಯಾಕೆ ಸಿಂಹಾಚಲಕ್ಕೆ ಹೋಗಿ ಮುಡಿ ಕೊಟ್ಟು ಬಂದ ದಿನ ಫೋಟೋ ತೆಗೆದು, ಇವಳಿಗೆ ಕೂದಲೇ ಹುಟ್ಟಲ್ಲ ಅಂತ ಊರೆಲ್ಲಾ ತೋರಿಸ್ತೀರಾ?"

ಈ ಸಲ ನಗು ಬರಲಿಲ್ಲ. ಹೆಂಗಸರು ಒಬ್ಬೊಬ್ಬರೇ ಮಾತಾಡತೊಡಗಿದರು: ಗುಂಡಿ ತೋಡಿದರೆ ಬುಡ ಹೋಗುತ್ತದೆ, ಬುಡ ಹೋದರೆ ಮಣ್ಣು ಹೋಗುತ್ತದೆ. ಗಿಡ ಬೇಕಾದರೆ ಹಳ್ಳದ ದಂಡೆಗೆ ನೆಡಿ, ನಾವೇ ನೀರು ಹಾಕುತ್ತೇವೆ. ಅಧಿಕಾರಿ ತಲೆಯಾಡಿಸುತ್ತಾ ಕೇಳಿದರು. ನನ್ನ ಕಡೆ ಬಾಗಿ, "ಇದನ್ನೆಲ್ಲಾ ಬರೆದುಕೊಳ್ಳಿ ಮೇಡಂ, ಚರ್ಚೆ ಚೆನ್ನಾಗಿ ಆಯ್ತು ಅಂತ ಬರಬೇಕು" ಎಂದರು. ಬರೆದುಕೊಂಡೆ. ಚರ್ಚೆ ಚೆನ್ನಾಗಿ ಆಯಿತು ಎಂದೇ ಬಂತು. ಅಧ್ಯಕ್ಷ ಸಹಿ ಹಾಕಿದ. ಉಳಿದ ಹೆಬ್ಬೆಟ್ಟುಗಳು ಎಲ್ಲಿ, ಯಾವಾಗ ಬಿದ್ದವೋ ನಾನು ನೋಡಲಿಲ್ಲ. ಯೋಜನೆಯ ಹೆಸರು ಅಚ್ಚಾಗಿದ್ದ ಟೋಪಿ ಹಂಚಿದ್ದು ನೋಡಿದೆ.

ಒಂದೆರಡು ವಾರದಲ್ಲಿ ಗುಂಡಿ ತೋಡಿದರು. ಸರ್ವೆ, ನೀಲಗಿರಿ ಸಸಿಗಳು ಬಂದವು. ಗುಡ್ಡದ ಸುತ್ತ ಮುಳ್ಳುತಂತಿ, ಒಂದು ಕಬ್ಬಿಣದ ಗೇಟು, ಗೇಟಿಗೆ ಬೀಗ. ಮೂರು ವರ್ಷ ಯಾರೂ ಒಳಗೆ ಹೋಗುವಂತಿಲ್ಲ. ಗೇಟಿನ ಮೇಲೆ ಹಸಿರು ಫಲಕ: ಸಮುದಾಯದ ಸಹಭಾಗಿತ್ವದಲ್ಲಿ ರಕ್ಷಿತ. ಬೀಗ ಸರಿಯಾಗಿ ಅದರ ಕೆಳಗೇ ನೇತಾಡುತ್ತದೆ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಇಂಥದ್ದನ್ನು ಕಟ್ಟಿ ಹೇಳುವ ಅಗತ್ಯ ಬೀಳುವುದಿಲ್ಲ.

ಭಾನುವಾರ ಕಾಕಾ ಜೊತೆ ಜಗಳಾಡಿದೆ. ಜಗಳ ಎಂದು ದಿನಚರಿ ಹೇಳುತ್ತದೆ. ನಿಜವಾಗಿ ಎಷ್ಟು ಗಟ್ಟಿಯಾಗಿ ಮಾತಾಡಿದೆನೋ.

"ಕಾಕಾ, ಅವ್ರ ವರ್ಷದ ಪೊರಕಿ ಎಲ್ಲಾ ಆ ಗುಡ್ಡದಾಗ ಐತಿ. ಸಂಕ್ರಾಂತಿ ಆದ ಮ್ಯಾಲ ಕೊಯ್ಯಬೇಕು. ಗೇಟ ತೆಗಸ್ರಿ."

"ಮೂರ ವರ್ಷ ಅಷ್ಟ ತಂಗೀ. ಗಿಡ ಬೇರ ಹಿಡೀಲಿ. ಆಮ್ಯಾಲ ಎಲ್ಲಾ ಅವ್ರದ ಅಲ್ಲೇನು?"

"ಈಗ ಯಾರದು?"

ಅವರು ಹೆಂಡತಿಗೆ, ನನ್ನ ಕಾಕೂಗೆ, ಫೋನು ಕೊಟ್ಟರು. ಕಾಕೂ ಹಾಗಲಕಾಯಿ ಪಲ್ಯದ ಬಗ್ಗೆ ಮಾತಾಡಿದರು. ಕಚೇರಿಗೆ ಒಂದು ಪತ್ರ ಬರೆದೆ, ಅದರಲ್ಲಿದ್ದ ಒಂದು ಕಟು ವಾಕ್ಯವನ್ನು ಕಳಿಸುವ ಮುನ್ನ ತೆಗೆದುಹಾಕಿದೆ. ಆ ವಾಕ್ಯ ಏನೆಂದು ಈಗ ನೆನಪಿಲ್ಲ. ತೆಗೆದದ್ದು ನೆನಪಿದೆ. ಪತ್ರಕ್ಕೆ ಉತ್ತರ ಬರಲಿಲ್ಲ.

ಸಂಜೆ ಋಷಿಕೊಂಡದ ಕಡೆ ಸಮುದ್ರದ ದಂಡೆಯಲ್ಲಿ ನಡೆಯಲು ಹೋಗುತ್ತೇನೆ. ಅಲ್ಲಿ ಗುಡ್ಡಗಳ ಮೇಲೆ ಗಾಜಿನ ಕಚೇರಿಗಳು. ಆ ಗುಡ್ಡಗಳನ್ನು ಯಾರೂ ಬೋಳು ಎನ್ನುವುದಿಲ್ಲ. ಹುಲ್ಲು ಇರುವ ಗುಡ್ಡ ಬೋಳು, ಗಾಜು ಇರುವ ಗುಡ್ಡ ಅಭಿವೃದ್ಧಿ. ಮರ ಇಲ್ಲದ್ದೆಲ್ಲ ಹಾಳುಭೂಮಿ ಎಂಬ ಲೆಕ್ಕವನ್ನು ಯಾರು ಯಾವಾಗ ಹಾಕಿದರೋ, ನಾವು ಓದಿದವರು ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೇವೆ. ಹುಲ್ಲು ನಮ್ಮ ಕಣ್ಣಿಗೆ ಏನೂ ಅಲ್ಲ. ಅದನ್ನು ನೆಟ್ಟವಳು ಅದಕ್ಕಿಂತಲೂ ಏನೂ ಅಲ್ಲ.

ಚಳಿಗಾಲ ಶುರುವಾದಾಗ ವಿಜಯವಾಡದಲ್ಲಿ ಕಾರ್ಯಾಗಾರ ಏರ್ಪಾಡಾಯಿತು. ನದಿಯ ಕಡೆಗಿನ ಹೋಟೆಲೊಂದರ ಹವಾನಿಯಂತ್ರಿತ ಸಭಾಂಗಣ. ಊರುಗಳಿಂದ ಫಲಾನುಭವಿಗಳನ್ನು ವ್ಯಾನಿನಲ್ಲಿ ಕರೆತಂದಿದ್ದರು. ಚೀಪುರ್ಲಮ್ಮನೂ ಬಂದಿದ್ದಳು, ಸೆರಗನ್ನು ಎರಡು ಸುತ್ತು ಹೊದ್ದು, ಚಳಿಗೆ ನಡುಗುತ್ತ.

"ಇಷ್ಟು ಬಿಸಿಲೂರಲ್ಲಿ ಇವರಿಗೆ ಇಷ್ಟು ಚಳಿ ಎಲ್ಲಿ ಸಿಗುತ್ತೆ ಪಾಪಾ?" ಎಂದಳು. ಅವಳ ಪಕ್ಕದಲ್ಲೇ ಕೂತೆ. ಮೊದಲ ಸಾಲಿನಲ್ಲಿ ಕಾಕಾ ಇದ್ದರು, ಕೊರಳಲ್ಲಿ ಗುರುತಿನ ಚೀಟಿ.

ಪರದೆಯ ಮೇಲೆ ಎಡಕ್ಕೆ ನನ್ನ ಫೋಟೋ ಬಂತು: ಮೊದಲು. ಬಲಕ್ಕೆ ಇನ್ನೊಂದು: ನಂತರ. ಅದೇ ಗುಡ್ಡ, ಅದೇ ಜಾಗದಿಂದ. ಆದರೆ ಮಳೆ ಹಿಡಿದು ಮೂರು ತಿಂಗಳಾದ ಮೇಲೆ ತೆಗೆದದ್ದು. ಕಣ್ಣಿಗೆ ಹಬ್ಬವಾಗುವಂಥ ಹಸಿರು. ಜನ ಚಪ್ಪಾಳೆ ತಟ್ಟಿದರು. ಒಂದೇ ಮಳೆಗಾಲದಲ್ಲಿ ಇಂಥ ಫಲಿತಾಂಶ, ಅದೂ ಸಮುದಾಯದ ಸಹಭಾಗಿತ್ವದಿಂದ, ಎಂದು ಅಧಿಕಾರಿ ಹೇಳುತ್ತಿದ್ದರು.

ಚೀಪುರ್ಲಮ್ಮ ನನ್ನ ಮಂಡಿ ಚಿವುಟಿದಳು. "ಪಾಪಾ, ಅಲ್ಲಿ ನೋಡು, ಬಲಗಡೆ ಮೂಲೆ. ಅದು ನನ್ನ ಗಂಟು."

ಮೊದಲು ನನಗೆ ಕಾಣಲಿಲ್ಲ. ಆಮೇಲೆ ಕಂಡಿತು. ಹಸಿರಿನ ಅಂಚಿಗೆ ಸಾಲಾಗಿ ಗಂಟುಗಳು, ಜುಟ್ಟು ಕಟ್ಟಿದ ಹಾಗೆ.

"ಬೇಲಿ ಮುಗಿಯೋ ಮುಂಚೆ ಹೋಗಿ ಹಾಕಿ ಬಂದ್ವಿ. ಎಡಕ್ಕೆ ತಿರುಗಿದ್ದು ನಂದು. ಆ ಸೊಟ್ಟಗೆ ಇರೋದು ನಾದಿನಿದು, ಅವಳಿಗೆ ಇವತ್ತಿಗೂ ಬರಲ್ಲ."

ಆ ದೊಡ್ಡ ಪರದೆಯಲ್ಲಿ ಒಂದು ಸರ್ವೆ ಸಸಿಯೂ ಇರಲಿಲ್ಲ, ಒಂದು ನೀಲಗಿರಿಯೂ ಇರಲಿಲ್ಲ. ಬದುಕಿದ್ದರೂ ಎದೆಯೆತ್ತರದ ಹುಲ್ಲಿನಲ್ಲಿ ಮುಳುಗಿರಬೇಕು. ಇಡೀ ಸಭಾಂಗಣ ಚಪ್ಪಾಳೆ ತಟ್ಟುತ್ತಿದ್ದದ್ದು ಹುಲ್ಲಿಗೆ. ಅವಳ ಅತ್ತೆ ಬುಟ್ಟಿಯಲ್ಲಿ ಹೊತ್ತು ತಂದ ಹುಲ್ಲಿಗೆ. ಅದನ್ನು ಕಿತ್ತು ಗುಂಡಿ ತೋಡಿದವರು, ಉಳಿದದ್ದು ತಾನಾಗಿ ಚಿಗುರಿದ್ದನ್ನು ತಮ್ಮ ಸಾಧನೆ ಎಂದು ಅವಳಿಗೇ ತೋರಿಸುತ್ತಿದ್ದರು. ನನಗೆ ಎದ್ದು ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಕೂಗಲು ಸರಿಯಾದ ವಾಕ್ಯ ಹುಡುಕುತ್ತ ಕೂತೆ, ಅದೇ ನನ್ನ ಓದಿನ ಫಲ.

ಚೀಪುರ್ಲಮ್ಮನನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿದರು, ಮೈಕು ಕೊಟ್ಟರು. ಅವಳು ಶಾಲನ್ನು ಚೆನ್ನಾಗಿ ಸುತ್ತಿಕೊಂಡಳು, ಚಳಿ ಇತ್ತಲ್ಲ.

"ಸಂಕ್ರಾಂತಿ ಆದ್ಮೇಲೆ ನಮ್ಮ ಕೊಯ್ಲು. ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ? ಅವರು ಇಲ್ಲಿ ಇದ್ರೆ ಕೈ ಎತ್ತಲಿ."

ಕೆಲವರು ನಕ್ಕರು. ಯಾರೂ ಕೈ ಎತ್ತಲಿಲ್ಲ. ನಿರೂಪಕಿ ಮುಂದೆ ಬಂದು, ಅಮ್ಮನವರ ಉತ್ಸಾಹ ನಮಗೆಲ್ಲ ಸ್ಫೂರ್ತಿ, ಅವರ ಸಲಹೆಯನ್ನು ಸ್ಥಳೀಯ ಮಟ್ಟದಲ್ಲಿ ಪರಿಶೀಲಿಸಲಾಗುವುದು ಎಂದಳು. ಮತ್ತೆ ಚಪ್ಪಾಳೆ. ನಾನು ಕಾಕಾರ ಕಡೆ ನೋಡಿದೆ. ಅವರು ಚಪ್ಪಾಳೆ ತಟ್ಟುತ್ತಿರಲಿಲ್ಲ. ಪರದೆಯ ಬಲಗಡೆ ಮೂಲೆಯನ್ನೇ ನೋಡುತ್ತಿದ್ದರು ಎಂದು ನನಗೆ ಕಂಡಿತು. ನಾನು ಕೂತಲ್ಲಿಂದ ಅವರ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು, ಹಾಗಾಗಿ ಇದು ನನ್ನ ಆಸೆಯೂ ಇರಬಹುದು.

ಸಂಕ್ರಾಂತಿ ಕಳೆದು ಕೊಯ್ಲಿನ ದಿನ ನಾನು ಊರಿಗೆ ಹೋದೆ. ಎಲ್ಲರಿಗಿಂತ ಹಿರಿಯ ಹೆಂಗಸು ಮೊದಲ ಹಿಡಿ ಕೊಯ್ದು ಕಂಬವೊಂದಕ್ಕೆ ಕಟ್ಟಬೇಕು, ಆಮೇಲೆ ಉಳಿದವರ ಕುಡುಗೋಲು. ಮೊದಲು ಅದು ಚೀಪುರ್ಲಮ್ಮನ ಅತ್ತೆಯ ಕೆಲಸ, ಈಗ ಅವಳದು. ಬೆಳಿಗ್ಗೆ ಹೆಂಗಸರೆಲ್ಲ ಗೇಟಿನ ಮುಂದೆ ಸೇರಿದರು. ಒಳಗೆ ಹುಲ್ಲು ಆಳೆತ್ತರ, ಕುಚ್ಚುಗಳು ಬಿಸಿಲಿಗೆ ನೇರಳೆಯಾಗಿ ತೂಗುತ್ತಿದ್ದವು. ಬೀಗ ಹಾಗೇ ಇತ್ತು. ಕಾವಲಿನವನು ಅದೇ ಊರಿನ ನಡುವಯಸ್ಸಿನ ಮನುಷ್ಯ, ವರಸೆಯಲ್ಲಿ ಚೀಪುರ್ಲಮ್ಮನಿಗೆ ಅಳಿಯ.

"ಅತ್ತಾ, ಬೀಗದ ಕೈ ನನಗೂ ಕೊಟ್ಟಿಲ್ಲ. ದೇವರಾಣೆ" ಎಂದ.

"ನಿನ್ನನ್ನ ತೊಟ್ಟಿಲಿಂದ ಇಳಿಸಿ ಮಲಗಿಸಿದ್ದು ಇದೇ ಹುಲ್ಲಿನ ಮೇಲೆ ಕಣೋ" ಎಂದು ನಾದಿನಿ ಹಿಂದಿನಿಂದ ಕೂಗಿದಳು. "ಒದ್ದೆ ಮಾಡಿದ್ದೂ ಇದನ್ನೇ!"

ಅವನು ಬೆನ್ನು ತಿರುಗಿಸಿ ನಿಂತು ಬೀಡಿ ಹಚ್ಚಿದ. ಅಷ್ಟನ್ನು ಅವನು ಮಾಡಬಲ್ಲವನಾಗಿದ್ದ, ಮಾಡಿದ.

ಚೀಪುರ್ಲಮ್ಮ ತಂತಿಯ ನಡುವೆ ಕೈ ತೂರಿಸಿದಳು. ಬೇಲಿಗೆ ಹತ್ತಿರವಿದ್ದ ಒಂದು ಹಿಡಿ ಸಿಕ್ಕಿತು. ಕೊಯ್ದು, ನಿಧಾನವಾಗಿ ಹೊರಗೆಳೆದುಕೊಂಡಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಗೀರು, ರಕ್ತ. ಕಟ್ಟಲು ಬೇರೆ ಕಂಬ ಇರಲಿಲ್ಲ. ಹಸಿರು ಫಲಕದ ಕಂಬಕ್ಕೇ ಕಟ್ಟಿದಳು. ಗುಡ್ಡದ ತುಂಬ ಹುಲ್ಲು ನಿಂತಿತ್ತು, ಆ ವರ್ಷದ ಕೊಯ್ಲು ಆ ಒಂದು ಹಿಡಿ. ಹೆಂಗಸರು ಕುಡುಗೋಲುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದರು.

"ಫೋನು ತಂದಿದ್ದೀಯಲ್ಲ ಪಾಪಾ" ಎಂದಳು, ರಕ್ತವನ್ನು ಸೆರಗಿನಿಂದ ಒತ್ತಿಕೊಳ್ಳುತ್ತ. "ಈಗ ತೆಗಿ."

ತೆಗೆದೆ. ಬೀಗ, ಫಲಕ, ಒಂದು ಹಿಡಿ, ಹಿಂದೆ ಇಡೀ ಗುಡ್ಡ. ಅಲ್ಲಿಂದಲೇ ಕಾಕಾಗೆ ಕಳಿಸಿದೆ. ನೋಡಿದ್ದಾರೆ ಎಂದು ಫೋನು ತೋರಿಸಿತು. ಆ ಭಾನುವಾರ ಅವರ ಕರೆ ಬರಲಿಲ್ಲ.

ಮುಂದಿನ ವಾರ ರೈಲು ಹತ್ತಿ ವಿಜಯವಾಡಕ್ಕೆ ಹೋದೆ. ಕಾಕೂ ಅಂಗಳ ಗುಡಿಸುತ್ತಿದ್ದರು, ಕೈಯಲ್ಲಿ ಪ್ಲಾಸ್ಟಿಕ್ ಪೊರಕೆ. "ಈ ವರ್ಷ ಆ ಮೆತ್ತನ್ನ ಕಸಬರಿಗಿ ಬಂದೇ ಇಲ್ಲ ನೋಡವ್ವಾ ಪ್ಯಾಟಿಗೆ" ಎಂದರು. ಕಾಕಾ ಪೇಪರು ಓದುತ್ತಿದ್ದರು. ನಾನು ಅವರೆದುರು ಕೂತೆ. ಹೇಳಬೇಕೆಂದು ರೈಲಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಬಿಟ್ಟುಹೋಯಿತು.

ಕಾಕಾ ಹಾವೇರಿ ಕಡೆಯ ಹುಲ್ಲುಗಾವಲಿನಲ್ಲಿ ದನ ಮೇಯಿಸಿ ಬೆಳೆದವರು. ಅಪ್ಪ ಮತ್ತು ಅವರು ಹುಡುಗರಾಗಿದ್ದಾಗ ಹುಲ್ಲು ಕೊಯ್ದು ಬಣವೆ ಒಟ್ಟಿದ್ದು, ಒಂದು ಸಲ ಬಣವೆಯ ಮೇಲಿಂದ ಅಪ್ಪ ಬಿದ್ದದ್ದು, ಎಷ್ಟೋ ಸಲ ಕೇಳಿದ್ದೇನೆ. ಕೊಯ್ದ ಹುಲ್ಲುಗಾವಲು ಬೇಸಿಗೆಯಲ್ಲಿ ಹೇಗೆ ಕಾಣುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದು ಹೊಳೆದದ್ದು ನನಗೆ ಗೇಟಿನ ಮುಂದೆ, ಫೋಟೋ ತೆಗೆಯುವಾಗ.

ಒಂದೇ ಪ್ರಶ್ನೆ ಕೇಳಿದೆ. ಕಾಕಾ ಪೇಪರು ಮಡಚಿದರು. ಮತ್ತೆ ಬಿಚ್ಚಿ, ಸರಿಯಾಗಿ ಮಡಚಿದರು. ಕಾಕೂ ಬಾಗಿಲಲ್ಲಿ ಗುಡಿಸುವುದನ್ನು ನಿಲ್ಲಿಸಿದರು. "ನಿನ್ನ ಗಾಡಿ ಎಷ್ಟಕ್ಕ ಐತಿ ತಂಗೀ?" ಎಂದರು ಕಾಕಾ. ಅದರ ಮೇಲೆ ಎಷ್ಟೋ ಭಾನುವಾರಗಳು ಕಳೆದಿವೆ. ಈಗ ಅವರ ಫೋನು ಬರುತ್ತದೆ, ಊಟ ಆಯಿತೇ, ಅಮ್ಮನ ಮೊಣಕಾಲು ಹೇಗಿದೆ ಎಂದು ಕೇಳುತ್ತಾರೆ. ಗೇಟಿಗೆ ಬೀಗ ಇದೆ. ನಾನು ಕೇಳಿದ ಮಾತಿಗೆ ಉತ್ತರ ಬಂದಿಲ್ಲ. ಎಲ್ಲವನ್ನೂ ಅನುಮಾನಿಸುವ ನಾನು ಆ ಮಾತನ್ನು ಮಾತ್ರ ಅದೇ ದಿನ ರೈಲಿನಲ್ಲಿ ಕೂತು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ, ಆಡಿದ್ದು ಆಡಿದ ಹಾಗೇ:

"ಕಾಕಾ, ಮಳಿ ಹತ್ತೂದರೊಳಗ ಹೋಗಿ ಬಾ ಅಂದಿದ್ರೆಲ್ಲಾ, ಅದು ರಸ್ತೆ ಕೆಸರಾಗತೈತಿ ಅಂತೋ, ಗುಡ್ಡ ಹಸಿರಾಗತೈತಿ ಅಂತೋ?"